ಆ ಕಡ್ಡಿ ತುದಿಯ ಬಟ್ಟೆ

ಇವತ್ತು ಮಗಳಿಗೆ ಜಂತುಹುಳದ ಮಾತ್ರೆ ಕೊಟ್ಟೆ. "ಹುಳ ಹೊಟ್ಟೆಯೊಳಗೆ ಹೇಗೆ ಹೋಗುತ್ತೆ?" ಅಂತ ಕೇಳಿದಳು.

ಉತ್ತರ ಹುಡುಕುವಾಗ ಒಂದು ಫೋಟೊ ಸಿಕ್ಕಿತು. ಕಡ್ಡಿ, ಅದರ ತುದಿಗೆ ಸುತ್ತಿದ ಬಟ್ಟೆ. ಅಷ್ಟೇ. ಚೀನಾದ ದುನ್‌ಹುವಾಂಗ್ ಹತ್ತಿರ, ರೇಷ್ಮೆ ದಾರಿ ಅನ್ನೋ ಹಳೆಯ ವ್ಯಾಪಾರ ಮಾರ್ಗದ ತಂಗುದಾಣವೊಂದರ ಪಾಯಿಖಾನೆಯಲ್ಲಿ ಸಿಕ್ಕಿದ್ದು. 2000 ವರ್ಷ ಹಳೆಯದು. ಒರೆಸಿಕೊಳ್ಳಲು ಬಳಸುತ್ತಿದ್ದರಂತೆ. ಒಣಗಿದ ಮಲ ಆ ಬಟ್ಟೆಗೆ ಇನ್ನೂ ಅಂಟಿಕೊಂಡಿತ್ತು. ಅದರಲ್ಲಿ ದುಂಡುಹುಳ, ಲಾಡಿಹುಳದ ಮೊಟ್ಟೆಗಳು. ಜೊತೆಗೆ ಲಿವರ್ ಫ್ಲೂಕ್ ಅನ್ನೋ ಹುಳದ್ದೂ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯದು. ಅದಕ್ಕೆ ಜೌಗು ನೆಲ ಬೇಕು, ನೀರಿನ ಬಸವನಹುಳು ಬೇಕು, ಮೀನು ಬೇಕು. ಆ ಮೀನನ್ನು ಸರಿಯಾಗಿ ಬೇಯಿಸದೆ ತಿಂದರೆ ನಮಗೆ ಬರುತ್ತೆ. ದುನ್‌ಹುವಾಂಗ್ ಸುತ್ತ ಬರೀ ಒಣ ನೆಲ, ಮರಳು! ಅಂದರೆ ಆ ಮನುಷ್ಯ ಕನಿಷ್ಠ ಸಾವಿರದೈನೂರು ಕಿಲೋಮೀಟರ್ ಆಚೆಯ ಯಾವುದೋ ನೀರಿನ ಸೀಮೆಯಿಂದ ಬಂದಿದ್ದ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಊರಲ್ಲಿ ಮೀನು ತಿಂದಿದ್ದ ಅನ್ನೋದು ಮಾತ್ರ ಗೊತ್ತು. ಅಷ್ಟು ದೂರ ಹೊಟ್ಟೆನೋವು ತಡೆದುಕೊಂಡೇ ನಡೆದನೋ ಏನೋ, ಪಾಪ.

ಮಗಳಿಗೆ ಇದನ್ನೇ ಹೇಳಿದೆ.

"ಅವನಿಗೆ ಯಾರೂ ಮಾತ್ರೆ ಕೊಡಲಿಲ್ವಾ?" ಅಂದಳು.

ಆಗ ಇರಲಿಲ್ಲ ಕಂದಾ, ಅಂದೆ.