ರಾಜ್ಯ ಹೆದ್ದಾರಿ 17ರ ಕೇಬಲ್ಲೂ ನಮ್ಮ ಹೊಸ ತಂತ್ರಾಂಶವೂ

ಬೆಂಗಳೂರು–ಮೈಸೂರು ನಡುವೆ ರಸ್ತೆಯ ಅಂಚಿನಲ್ಲಿ ಹೂಳಿರುವ ಫೈಬರ್ ಕೇಬಲ್ ಮಾರ್ಗವನ್ನು ಕಾಯುವ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ‘ಎಷ್ಟನೇ ಕಿಲೋಮೀಟರ್?’ ಎನ್ನುವುದಕ್ಕಿಂತ ಮೋಸದ ಪ್ರಶ್ನೆ ಇನ್ನೊಂದಿಲ್ಲ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಪೇಟೆಬೀದಿಗಳನ್ನೇ ಹಾಯ್ದು ಮೈಸೂರು ಸೇರುತ್ತಿದ್ದ ಈ ದಾರಿ ಬಹುಕಾಲ ರಾಜ್ಯ ಹೆದ್ದಾರಿ 17 ಆಗಿತ್ತು. 2000ರ ದಶಕದಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮದ ಮೂಲಕ ಅದು ನಾಲ್ಕು ಪಥಗಳಿಗೆ ಅಗಲವಾಯಿತು. ಬಳಿಕ, ಮೈಸೂರಿನಿಂದ ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೇಲೆ ಬಂಟ್ವಾಳಕ್ಕೆ ಹೋಗುತ್ತಿದ್ದ ರಾಜ್ಯ ಹೆದ್ದಾರಿ 88ರೊಂದಿಗೆ ಸೇರಿ ರಾಷ್ಟ್ರೀಯ ಹೆದ್ದಾರಿ 275 ಎನಿಸಿಕೊಂಡಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈಗಿನ ರಸ್ತೆಯಂತೂ ಬಿಡದಿ, ರಾಮನಗರ–ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸುಗಳಲ್ಲಿ ಬಳಸಿ, ಮದ್ದೂರನ್ನು ಮೇಲಿನಿಂದಲೇ ದಾಟಿ ಹೋಗುತ್ತದೆ. ರಸ್ತೆ ಹೀಗೆ ಹೆಸರನ್ನೂ ಜಾಗವನ್ನೂ ಬದಲಿಸುತ್ತ ಬಂದರೂ ನಮ್ಮ ಕೇಬಲ್ ಮಾತ್ರ, ಅದನ್ನು ಹೂಳಿದ ವರ್ಷ ರಸ್ತೆ ಎಲ್ಲಿತ್ತೋ ಅಲ್ಲಿಯೇ ಮಲಗಿದೆ.

ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಒಂದು ರಾತ್ರಿ ರಾಮನಗರ–ಚನ್ನಪಟ್ಟಣ ಸೆಕ್ಷನ್ ಡೌನ್ ಆದಾಗ, ಅಂದರೆ ಆ ಭಾಗದ ಕೇಬಲ್ ಕಡಿದು ಸಂಪರ್ಕ ನಿಂತಾಗ, ನಾನು ನೋಡಿದ್ದು ರಸ್ತೆಯನ್ನಲ್ಲ, ಪರದೆಯನ್ನು. ಮಳವಳ್ಳಿ ಕಡೆಯ ಪ್ರೊಟೆಕ್ಷನ್ ಪಾತ್ (ಮುಖ್ಯ ಮಾರ್ಗ ಕಡಿದರೆ ಬಳಸುವ ಬದಲಿ ಮಾರ್ಗ) ಪ್ಲ್ಯಾನ್ಡ್ ಆ್ಯಕ್ಟಿವಿಟಿಗಾಗಿ (ಮೊದಲೇ ನಿಗದಿಯಾದ ಕೆಲಸಕ್ಕಾಗಿ) ಆಗಲೇ ಸೇವೆಯಿಂದ ಬಿಡುಗಡೆಯಾಗಿದ್ದರಿಂದ ಟ್ರಾಫಿಕ್ ತಿರುಗಿಸಲು ಬೇರೆ ದಾರಿಯೇ ಇರಲಿಲ್ಲ. (1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಏರಿಬಂದದ್ದು ಈ ನೇರದಾರಿಯಲ್ಲಲ್ಲ, ಕನಕಪುರ, ಮಳವಳ್ಳಿಗಳ ಮೇಲೆ. ಬಳಸುದಾರಿಯೊಂದನ್ನು ತೆರೆದಿಟ್ಟುಕೊಳ್ಳಬೇಕೆಂಬುದು ಅವರಿಗಿದ್ದಷ್ಟು ನಮ್ಮ ಪ್ಲ್ಯಾನಿಂಗ್ ವಿಭಾಗಕ್ಕೆ ಹೊಳೆದಿರಲಿಲ್ಲ.) ರಾಮನಗರದ ತುದಿಯಿಂದ ಓಟಿಡಿಆರ್ (ಬೆಳಕಿನ ಮಿಡಿತ ಕಳುಹಿಸಿ ಕೇಬಲ್ ಎಷ್ಟು ದೂರದಲ್ಲಿ ಕಡಿದಿದೆ ಎಂದು ಹೇಳುವ ಯಂತ್ರ) ಹಾಕಿಸಿದಾಗ ಐದು ಕಿಲೋಮೀಟರಿಗೆ ತುಸು ಕಡಿಮೆ ಎಂದು ಬಂತು. ಹೊಸದಾಗಿ ಕೊಂಡ ನಕ್ಷೆಯ ತಂತ್ರಾಂಶಕ್ಕೆ ಆ ಅಂತರವನ್ನು ಕೊಟ್ಟೊಡನೆ ಹೆದ್ದಾರಿಯ ಗೆರೆಯ ಮೇಲೆ ಕೆಂಪು ಚುಕ್ಕೆಯೊಂದು ಮೂಡಿತು, ಅಕ್ಷಾಂಶ–ರೇಖಾಂಶಗಳ ಸಮೇತ. ನಾನು ಅದನ್ನು ಹಾಗೆಯೇ ಕೇಬಲ್ ದುರಸ್ತಿ ಮಾಡುವ ಎಫ್‌ಆರ್‌ಟಿ ತಂಡಕ್ಕೆ ಕಳುಹಿಸಿದೆ.

ತಂಡದ ಹಿರಿಯ ಕೂಡಲೇ ಫೋನ್ ಮಾಡಿ ಕೇಳಿದರು: ‘ಸಾರ್, ಇದು ಹಳೇ ರೋಡಾ, ಹೊಸಾ ರೋಡಾ?’

ಈ ಪ್ರಶ್ನೆಯಲ್ಲಿಯೇ ಉತ್ತರವಿತ್ತು ಎಂಬುದು ಈಗ ಕಾಣುತ್ತದೆ. ಆಗ ನನ್ನ ಎದುರು, ದುರಸ್ತಿಗೆ ಒಪ್ಪಿಕೊಂಡ ಗಡುವನ್ನು ಎಣಿಸುವ ಎಸ್‌ಎಲ್‌ಎ ಗಡಿಯಾರ ಓಡುತ್ತಿತ್ತು, ಹಲವರು ಸೇರಿ ಮಾತನಾಡುವ ಬ್ರಿಡ್ಜ್ ಕಾಲಿನಲ್ಲಿ ಮೂವರು ಮ್ಯಾನೇಜರುಗಳು ಒಟ್ಟಿಗೇ ಇಟಿಆರ್ (ದುರಸ್ತಿ ಮುಗಿಯುವ ಸಮಯ) ಕೇಳುತ್ತಿದ್ದರು, ಪರದೆಯ ಮೇಲೆ ಚುಕ್ಕೆ ಅಷ್ಟು ಸ್ಪಷ್ಟವಾಗಿತ್ತು. ‘ಲೊಕೇಶನ್ ಕಳಿಸಿದ್ದೀನಲ್ಲ, ಅಲ್ಲಿಗೆ ಹೋಗಿ’ ಎಂದುಬಿಟ್ಟೆ. ಅವರು ಮರುಮಾತನಾಡಲಿಲ್ಲ. ಗುತ್ತಿಗೆಯ ತಂಡದವರು ನಿಯಂತ್ರಣ ಕೊಠಡಿಯವರಿಗೆ ಎದುರಾಡುವುದಿಲ್ಲ. ಎದುರಾಡಿದ್ದು ಟಿಕೆಟ್ಟಿನಲ್ಲಿ (ದುರಸ್ತಿಯ ದಾಖಲೆಯಲ್ಲಿ) ಸೇರಿದರೆ ಅವರ ಬಿಲ್ಲಿನಲ್ಲಿ ಕಡಿತವಾಗುತ್ತದೆ.

ಮುಂದಿನ ನಿಮಿಷಗಳು ನಿಧಾನವಾಗಿ ಸರಿದವು. ಮೊದಲು ಬರಬೇಕಿದ್ದ, ಮಾರ್ಗದಲ್ಲಿ ಗಸ್ತು ತಿರುಗುವ ಪೆಟ್ರೋಲಿಂಗ್ ಹುಡುಗ ಬೈಕಿನಲ್ಲಿದ್ದ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಮುಖ್ಯ ಪಥದ ಪ್ರವೇಶವೇ ನಿಷಿದ್ಧವಾಗಿರುವುದರಿಂದ ಅವನು ಸರ್ವಿಸ್ ರಸ್ತೆಯನ್ನು ಹುಡುಕಿಕೊಂಡು ಹೊರಟ. ಕಡಿದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರವಿದ್ದ ವ್ಯಾನು ಬೈಪಾಸಿಗೆ ಹತ್ತಿ, ನನ್ನ ಚುಕ್ಕೆಯ ಬಳಿ ನಿಂತಿತು. ಎರಡು ಕಡೆಯೂ ಬೇಲಿ, ಬೇಲಿಯಾಚೆ ಕತ್ತಲೆ. ‘ಸಾರ್, ಇಲ್ಲಿ ಹಿಪ್ಪುನೇರಳೆ ತೋಟ ಬಿಟ್ರೆ ಏನೂ ಇಲ್ಲ. ರೂಟ್ ಮಾರ್ಕರೂ ಇಲ್ಲ, ಪಿಟ್ಟೂ ಇಲ್ಲ’ ಎಂದರು ಹಿರಿಯರು. ನಾನು ಇನ್ನೂ ಇನ್ನೂರು ಮೀಟರ್ ಮುಂದೆ ನೋಡಲು ಹೇಳಿದೆ. ಅವರು ನೋಡಿದರು. ಹಿಂದಕ್ಕೂ ನೋಡಲು ಹೇಳಿದೆ. ಅದನ್ನೂ ನೋಡಿದರು. ಆ ಬೈಪಾಸು ರಾಮನಗರ, ಚನ್ನಪಟ್ಟಣ ಎರಡೂ ಪೇಟೆಗಳನ್ನು ಬಿಟ್ಟು ಸುಮಾರು 22 ಕಿಲೋಮೀಟರ್ ಹೊಸ ನೆಲದಲ್ಲಿಯೇ ಹೋಗುತ್ತದೆ; ಅದು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಹೂಳಿದ ಕೇಬಲ್ ಅಲ್ಲಿ ಸಿಗಲು ಸಾಧ್ಯವೇ ಇರಲಿಲ್ಲ. ನಾನೊಬ್ಬ ಎಂಜಿನಿಯರ್, ಕೇಬಲ್ಲೇ ಇಲ್ಲದ ರಸ್ತೆಯಲ್ಲಿ ಕೇಬಲ್ ಹುಡುಕಿಸುತ್ತಿದ್ದೆ.

ಇದು ತಲೆಗೆ ಹೋದ ಮೇಲೂ ವ್ಯಾನನ್ನು ಹಿಂದಕ್ಕೆ ತರುವುದು ಸುಲಭವಾಗಲಿಲ್ಲ. ಹಳೆಯ ರಸ್ತೆಯಲ್ಲಾದರೆ ಎಲ್ಲಿ ಬೇಕಾದರೂ ತಿರುಗಿಸಿಕೊಂಡು ಬರಬಹುದಿತ್ತು. ಇಲ್ಲಿ ಮುಂದಿನ ಇಳಿದಾರಿಯವರೆಗೆ ಹೋಗಿ, ಅಲ್ಲಿಂದ ಊರೊಳಗಿನ ರಸ್ತೆ ಹಿಡಿದು ಮರಳಬೇಕು. ಬ್ರಿಡ್ಜ್ ಕಾಲಿನಲ್ಲಿ ‘ತಂಡ ಸ್ಥಳದಲ್ಲಿದೆ’ ಎಂದು ಆಗಲೇ ಹೇಳಿಯಾಗಿತ್ತು. ಅದನ್ನು ‘ತಂಡ ಸ್ಥಳಕ್ಕೆ ಬರುತ್ತಿದೆ’ ಎಂದು ತಿದ್ದಿದಾಗ ಆ ಕಡೆ ಕೆಲಹೊತ್ತು ಯಾರೂ ಮಾತನಾಡಲಿಲ್ಲ.

ಅಷ್ಟರಲ್ಲಿ ಬೈಕಿನ ಹುಡುಗ ಹಳೆಯ ರಸ್ತೆಯಲ್ಲಿಯೇ ಉಳಿದದ್ದು ಒಳ್ಳೆಯದಾಯಿತು. ಜಾನಪದ ಲೋಕವನ್ನು ದಾಟಿ ಕೆಂಗಲ್ ಕಡೆಗೆ ಹೋಗುವಾಗ ಚರಂಡಿ ಕಾಮಗಾರಿಗೆ ಅಗೆದಿದ್ದ ಗುಂಡಿಯಲ್ಲಿ ನಮ್ಮ ಡಕ್ಟ್ (ಕೇಬಲ್ ಹಾಯುವ ಕೊಳವೆ) ಬಾಯಿ ತೆರೆದುಕೊಂಡಿದ್ದನ್ನು ಅವನೇ ಕಂಡು ಫೋಟೋ ಕಳುಹಿಸಿದ. ಓಟಿಡಿಆರ್ ಸುಳ್ಳು ಹೇಳಿರಲಿಲ್ಲ. ಎಕ್ಸ್‌ಚೇಂಜಿನಿಂದ ಪೇಟೆಬೀದಿಯಲ್ಲಿ ಹೊರಟು, ಲೂಪುಗಳನ್ನು (ಅಲ್ಲಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲನ್ನು) ಲೆಕ್ಕದಿಂದ ಕಳೆದು ಅಳೆದರೆ ಅಂತರ ಸರಿಯಾಗಿಯೇ ಕೂಡಿ ಬರುತ್ತಿತ್ತು. ಆ ಅಂತರವನ್ನು ಯಾವ ರಸ್ತೆಯ ಮೇಲೆ ಅಳೆಯಬೇಕೆಂಬುದು ಯಂತ್ರಕ್ಕೆ ತಿಳಿಯುವ ವಿಷಯವಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು. ಹಳೆಯ ರೂಟ್ ರಿಜಿಸ್ಟರನ್ನು (ಕೇಬಲ್ ಎಲ್ಲೆಲ್ಲಿ ಹೋಗಿದೆ ಎಂಬ ದಾಖಲೆಯನ್ನು) ತಂತ್ರಾಂಶಕ್ಕೆ ಏರಿಸಿದವರು ‘ರಾ.ಹೆ.’ ಎಂದಿದ್ದ ಕಡೆಯಲ್ಲೆಲ್ಲ ಅದು ರಾಜ್ಯ ಹೆದ್ದಾರಿಯೋ ರಾಷ್ಟ್ರೀಯ ಹೆದ್ದಾರಿಯೋ ಎಂದು ಕೇಳಲು ಹೋಗದೆ, ಈಗಿನ ನಕ್ಷೆಯಲ್ಲಿ ದೊಡ್ಡದಾಗಿ ಕಂಡ ಗೆರೆಗೆ ಕೇಬಲನ್ನು ಅಂಟಿಸಿದ್ದರು. ಅದೇ ಯೋಜನೆಯಲ್ಲಿ ಕರಾವಳಿಯ ರಿಜಿಸ್ಟರುಗಳೂ ಇದ್ದವು. ಈಗ 66 ಎನಿಸಿಕೊಂಡಿರುವ ಕರಾವಳಿಯ ರಾಷ್ಟ್ರೀಯ ಹೆದ್ದಾರಿಗೆ ಹಿಂದೆ 17 ಎಂಬ ಸಂಖ್ಯೆಯೇ ಇದ್ದುದರಿಂದ, ನಮ್ಮ ಮದ್ದೂರು ಭಾಗದ ಒಂದು ಜಾಯಿಂಟ್ (ಕೇಬಲಿನ ತುಂಡುಗಳನ್ನು ಸೇರಿಸಿದ ಜಾಗ) ಕೆಲಕಾಲ ಕುಂದಾಪುರದ ಬಳಿ ತೋರುತ್ತಿತ್ತು. ಅದು ಯಾರಿಗೂ ತೊಂದರೆ ಕೊಡಲಿಲ್ಲ, ಏಕೆಂದರೆ ಅದನ್ನು ನಂಬುವಷ್ಟು ದಡ್ಡರು ಯಾರೂ ಇರಲಿಲ್ಲ. ತೊಂದರೆ ಕೊಡುವುದು ನಂಬುವಂತಿರುವ ತಪ್ಪು: ಒಂದೆರಡು ಕಿಲೋಮೀಟರ್ ಪಕ್ಕಕ್ಕೆ ಸರಿದು ಕುಳಿತದ್ದು.

ಚೈನೇಜ್, ಅಂದರೆ ರಸ್ತೆಯುದ್ದಕ್ಕೂ ಅಳೆದ ಕಿಲೋಮೀಟರ್ ಲೆಕ್ಕ, ಅದರ ಕಥೆ ಬೇರೆಯೇ. ಹೊಸ ಯೋಜನೆಯ ಕಾಗದಗಳಲ್ಲಿ ಬೆಂಗಳೂರು–ನಿಡಘಟ್ಟ ಭಾಗ ಕಿ.ಮೀ. 18.000ರಿಂದ 74.200ರವರೆಗೆ, ನಿಡಘಟ್ಟ–ಮೈಸೂರು ಭಾಗ 74.200ರಿಂದ 135.304ರವರೆಗೆ ಎಂದಿದೆ. ನಮ್ಮ ರಿಜಿಸ್ಟರಿನಲ್ಲಿರುವುದು ಹಸಿರು ನೆತ್ತಿಯ ಕಲ್ಲುಗಳ, ಅಂದರೆ ರಾಜ್ಯ ಹೆದ್ದಾರಿಯ ಕಾಲದ ಲೆಕ್ಕ. ಎರಡೂ ಬೆಂಗಳೂರಿನ ಕಡೆಯಿಂದಲೇ ಏರುತ್ತ ಹೋಗುವುದರಿಂದ ಒಂದನ್ನೊಂದು ಹೋಲುವಂತೆ ಕಾಣುತ್ತವೆ, ಆದರೆ ಪ್ರತಿ ಬೈಪಾಸಿನಲ್ಲಿಯೂ ಅವುಗಳ ನಡುವಿನ ವ್ಯತ್ಯಾಸ ಬದಲಾಗುತ್ತದೆ. ಇಂತಿಷ್ಟು ಕೂಡಿಸು, ಕಳೆ ಎಂಬ ಒಂದೇ ಸೂತ್ರದಿಂದ ಸರಿಪಡಿಸಲು ಬರುವುದಿಲ್ಲ. ನಮ್ಮ ಮ್ಯಾನೇಜರರು ಮೂರು ವಾರ ಅಂಥದೊಂದು ಸೂತ್ರವನ್ನೇ ಕೇಳುತ್ತಿದ್ದರು.

ಹಳೆಯ ಲೈನ್‌ಮನ್ನರ ರಿಜಿಸ್ಟರೇ ಮೇಲಾಗಿತ್ತು ಎಂದು ಹೇಳುವವರಿದ್ದಾರೆ. ಅದು ಅರ್ಧ ನಿಜ. ಅವರು ಕಿಲೋಮೀಟರಿನ ಪಕ್ಕದಲ್ಲಿ ಗುರುತುಗಳನ್ನೂ ಬರೆದಿಡುತ್ತಿದ್ದರು: ಇಂಥ ಹುಣಸೆಮರದ ಎದುರು, ಇಂಥ ಹೋಟೆಲಿನ ಹಿಂದೆ. ರಸ್ತೆ ಅಗಲವಾದಾಗ ಸಾಲುಮರಗಳು ಹೋದವು, ಬೈಪಾಸು ಬಂದ ಮೇಲೆ ಗಿರಾಕಿಗಳಿಲ್ಲದೆ ಎಷ್ಟೋ ಹೋಟೆಲುಗಳೂ ಮುಚ್ಚಿದವು. ಉಳಿದಿರುವುದು ಅರ್ಕಾವತಿ, ಕಣ್ವ, ಶಿಂಷಾ ಸೇತುವೆಗಳ ಬಳಿ ಬರೆದ ಗುರುತುಗಳು, ಕೆಂಗಲ್ ಆಂಜನೇಯನ ಗುಡಿಯಂಥ ಕೆಲವು, ಮತ್ತೆ ರೈಲುಹಳಿಗೆ ಹೊಂದಿಸಿ ಬರೆದವು. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಇಂದಿಗೂ ಇದ್ದಲ್ಲಿಯೇ ಇದೆ. ಆ ಭಾಗದ ನಮೂದುಗಳಲ್ಲಿ ನಮಗೆ ಒಂದೂ ತಪ್ಪು ಸಿಗಲಿಲ್ಲ. ಹಾಗಾಗಿ ಈಗ ಪ್ರತಿ ಜಾಯಿಂಟಿಗೂ ಹತ್ತಿರದ ಸೇತುವೆ ಅಥವಾ ರೈಲ್ವೆ ಗೇಟಿನಿಂದ ಅಳೆದ ದೂರವನ್ನು ಬರೆಯುತ್ತಿದ್ದೇವೆ, ಜೊತೆಗೆ ಕೇಬಲ್ ಹೂಳಿದ ವರ್ಷವನ್ನೂ. ವರ್ಷ ಗೊತ್ತಾದರೆ ಅದು ಯಾವ ರಸ್ತೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಟಿಕೆಟ್ ನಮೂನೆಯಲ್ಲಿ ‘ಹಳೆಯ ರಸ್ತೆ / ಹೊಸ ರಸ್ತೆ’ ಎಂಬ ಕಡ್ಡಾಯ ಅಂಕಣವೊಂದನ್ನು ಸೇರಿಸಲು ಕೇಳಿದ್ದೆವು. ತಂತ್ರಾಂಶದವರು ಅದನ್ನು ‘ಬದಲಾವಣೆ ಕೋರಿಕೆ’ ಎಂದು ಪರಿಗಣಿಸಿ ಪ್ರತ್ಯೇಕ ದರಪಟ್ಟಿ ಕಳುಹಿಸಿದ್ದಾರೆ. ಆ ಅಂಕಣ ಬರುವವರೆಗೆ ರಿಮಾರ್ಕ್ಸ್ ಕಾಲಮ್ಮಿನಲ್ಲಿಯೇ ಬರೆಯುತ್ತಿದ್ದೇವೆ. ತಂಡದ ಹಿರಿಯರು ಈಗ ಫೋನ್ ಮಾಡಿದಾಗ ಆ ಪ್ರಶ್ನೆಯನ್ನು ಕೇಳುವುದಿಲ್ಲ; ಯಾವ ರಸ್ತೆ ಎಂದು ಅವರೇ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಇನ್ನು ಮೈಸೂರಿನಿಂದಾಚೆಯ ಕೆಲಸ ಬಾಕಿ ಇದೆ. ಬೆಂಗಳೂರು–ಮೈಸೂರು ರಸ್ತೆ ಮಂಡ್ಯದಲ್ಲಿ ಉದ್ಘಾಟನೆಯಾದ ದಿನವೇ ಮೈಸೂರು–ಕುಶಾಲನಗರ ನಡುವಿನ 92 ಕಿಲೋಮೀಟರ್ ಚತುಷ್ಪಥಕ್ಕೂ ಶಂಕುಸ್ಥಾಪನೆಯಾಯಿತು. ನಮ್ಮ ಕೇಬಲ್ ಮಲಗಿರುವುದು ರಾಜ್ಯ ಹೆದ್ದಾರಿ 88 ಆಗಿದ್ದ ಹುಣಸೂರು–ಪಿರಿಯಾಪಟ್ಟಣದ ಹಳೆಯ ರಸ್ತೆಯ ಅಂಚಿನಲ್ಲಿ, ತಂತ್ರಾಂಶ ಮಾತ್ರ ಹೊಸ ಗೆರೆ ಕಂಡ ದಿನ ಅದನ್ನು ಅಲ್ಲಿಗೆ ಎತ್ತಿ ಹಾಕುತ್ತದೆ. ಅದಕ್ಕೆ ಮೊದಲೇ ಮಾರ್ಗವನ್ನು ಕಾಲ್ನಡಿಗೆಯಲ್ಲಿ ಅಳೆಯಿಸಲು ಇಬ್ಬರು ಆಳು, ಒಂದು ಚಕ್ರದ ಅಳತೆಗೋಲು ಕೊಡಿ ಎಂದು ಟಿಪ್ಪಣಿ ಸಲ್ಲಿಸಿದ್ದೇನೆ. ಉಪಗ್ರಹ ನಕ್ಷೆ ಇರುವಾಗ ನಡೆಯುವ ಅಗತ್ಯವೇನು ಎಂಬ ಷರಾ ಬರೆದು ಕಡತವನ್ನು ನನಗೇ ಹಿಂದಿರುಗಿಸಿದ್ದಾರೆ. ಆ ರಾತ್ರಿಯ ಟಿಕೆಟ್ಟಿನ ಪ್ರತಿಯನ್ನು ಲಗತ್ತಿಸಿ ಮತ್ತೆ ಮೇಲಕ್ಕೆ ಕಳುಹಿಸಿದ್ದೇನೆ.