ಚುಕ್ಕಿ ತಪ್ಪಿದ ಚುಕ್ಕಿ

ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಕಾರವಾರದ ಕಡಲತೀರಕ್ಕೆ ಹೋದರೆ ನೆತ್ತಿ ಮೇಲೆ ಕೃತ್ತಿಕೆಯ ಗೊಂಚಲು ಕಾಣುತ್ತದೆ. ಮೊನ್ನೆ ಮಗಳು ಮೊಬೈಲ್ ಎತ್ತಿ ಹಿಡಿದು ಅದರ ಪಕ್ಕದ ಕೆಂಪು ಚುಕ್ಕಿಯ ಹೆಸರು ಓದಿದಳು: ಅಲ್ಡೆಬರಾನ್.

"ಅದು ರೋಹಿಣಿ ಮಾರಾಯ್ತಿ" ಅಂದೆ.

ಕೆಳಗಿನ ಮನೆಯ ಸಾಹೇಬರೂ ಜೊತೆಗಿದ್ದರು. ಭಟ್ಕಳದವರು, ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. "ಅರಬ್ಬಿ ಹೆಸರು ಮಗಾ ಅದು. ಅದ್-ದಬರಾನ್. ಹಿಂದೆ ಬರೋನು ಅಂತ" ಅಂದರು. ಯಾರ ಹಿಂದೆ? ಕೃತ್ತಿಕೆಯ ಹಿಂದೆ! ನಮ್ಮ ಪಂಚಾಂಗದಲ್ಲೂ ಅದೇ ಸಾಲು ಅಲ್ವಾ.

ಮನೆಗೆ ಬಂದು ಈ ಅರಬ್ಬಿ ಹೆಸರುಗಳು ಬಂದ ದಾರಿ ಹುಡುಕುತ್ತಾ ಕೂತೆ. ಟಾಲೆಮಿ ಗ್ರೀಕ್‌ನಲ್ಲಿ ಬರೆದ ಖಗೋಳ ಪುಸ್ತಕ 9ನೇ ಶತಮಾನದಲ್ಲಿ ಅರಬ್ಬಿಗೆ ಬಂತು. ಅರಬ್ಬಿಯಲ್ಲಿ ಅದನ್ನು ಓದಿದವರು ಸುಮ್ನೆ ನಕಲು ಮಾಡಿಕೊಳ್ಳಲಿಲ್ಲ. ಪರ್ಷಿಯಾದ ಅಲ್-ಸೂಫಿ ನಕ್ಷತ್ರಗಳನ್ನು ತಾನೇ ನೋಡಿ, ಬೆಳಕೆಷ್ಟು ಅಂತ ಅಳೆದು, 964ರ ಸುಮಾರಿಗೆ ಹೊಸ ಪುಸ್ತಕ ಬರೆದ. ಆಂಡ್ರೊಮಿಡಾ ಗ್ಯಾಲಕ್ಸಿ ಅದರಲ್ಲಿ 'ಪುಟ್ಟ ಮೋಡ'. ದೂರದರ್ಶಕ ಬರಲು ಇನ್ನೂ ಆರುನೂರು ವರ್ಷಕ್ಕಿಂತ ಜಾಸ್ತಿ ಬಾಕಿಯಿತ್ತು! ಇತ್ತ ಇಟಲಿಯ ಕ್ರೆಮೊನಾದ ಜೆರಾರ್ಡ್‌ಗೆ ಟಾಲೆಮಿ ಲ್ಯಾಟಿನ್‌ನಲ್ಲಿ ಸಿಗಲಿಲ್ಲ. ಸ್ಪೇನಿನ ಟೊಲೆಡೊಗೆ ಹೋಗಿ, ಅರಬ್ಬಿ ಕಲಿತು, 1175ರ ಹೊತ್ತಿಗೆ ಅನುವಾದ ಮುಗಿಸಿದ. ಇಬ್ನ್ ಸೀನಾನ ವೈದ್ಯ ಗ್ರಂಥವನ್ನು ಲ್ಯಾಟಿನ್‌ಗೆ ತಂದದ್ದೂ ಅವನೇ. ಯುರೋಪಿನ ವೈದ್ಯ ವಿದ್ಯಾರ್ಥಿಗಳು ಅದನ್ನು 17ನೇ ಶತಮಾನದವರೆಗೂ ಓದಿದರು.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಬೀಟಲ್‌ಜ್ಯೂಸ್ ಕಥೆ. ನಮ್ಮ ಆರಿದ್ರೆ ಅದು. ಆ ಮಳೆ ಆರದೇ ಹೊಯ್ಯುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಅರಬ್ಬಿಯಲ್ಲಿ 'ಯದ್ ಅಲ್-ಜೌಜಾ', ಜೌಜಾಳ ಕೈ. ಈ ಚುಕ್ಕಿ ಇರುವ ಓರಿಯನ್ ನಕ್ಷತ್ರಪುಂಜಕ್ಕೆ ಅರಬ್ಬರು ಇಟ್ಟ ಹೆಸರು ಜೌಜಾ. ಮಾರನೇ ದಿನ ಸಾಹೇಬರು ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಪದದ ಮೊದಲಲ್ಲಿ ಬರುವ 'ಯ'ಕ್ಕೆ ಕೆಳಗೆ ಎರಡು ಚುಕ್ಕಿ, 'ಬ'ಕ್ಕೆ ಒಂದೇ. ಹೆಬ್ಬೆರಳಿನಿಂದ ಒಂದು ಚುಕ್ಕಿ ಒರೆಸಿದರು. ಯದ್ ಹೋಗಿ ಬದ್ ಆಯಿತು. ಲ್ಯಾಟಿನ್‌ಗೆ ಇಳಿಸುವಾಗ ಯಾರೋ ಹಾಗೇ ಓದಿಬಿಟ್ಟರಂತೆ, ಹೆಸರು ಹಾಗೇ ನಿಂತುಹೋಯಿತು.

ಶಿರಸಿಯ ತೋಟದ ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಸೊನ್ನೆ ಬಿಟ್ಟುಹೋಗಿ, ನಾನು ಕಾರವಾರದಿಂದ ನಾಲ್ಕು ಸಲ ಘಟ್ಟ ಹತ್ತಿ ಇಳಿದಿದ್ದೇನೆ. ಇಲ್ಲಿ ನೋಡಿದರೆ ಇಡೀ ನಕ್ಷತ್ರದ ಹೆಸರೇ ತಪ್ಪಿದೆ, ನೂರಾರು ವರ್ಷದಿಂದ ತಿದ್ದುಪಡಿಗೆ ಒಬ್ಬರೂ ಅರ್ಜಿ ಹಾಕಿಲ್ಲ!

ಹೇಳಿದ್ದಕ್ಕೆ ಸಾಹೇಬರು ಜೋರಾಗಿ ನಕ್ಕರು. ದುಬೈಯಲ್ಲಿ ಅವರ ಕಾರ್ಡಿನ ಮೇಲೆ ಭಟ್ಕಳ 'ಬತ್ಕಲ್' ಆಗಿತ್ತಂತೆ. ಅರಬ್ಬಿಯಲ್ಲಿ ಭ, ಟ, ಳ ಮೂರೂ ಇಲ್ಲವಲ್ಲ.