ತಟ್ಟೆ ನೋಡುವ ಕೆಲಸ

ನಮ್ಮ ದಾವಣಗೆರೆ ಕಡೆ ಯಾರನ್ನಾದರೂ ‘ಹೆಂಗಿದೀರಿ’ ಅಂತ ಕೇಳಿ ನೋಡಿ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರೂ ‘ಆರಾಮ್ ರೀ’ ಅಂತಾರೆ. ಕೇಳಿದವರಿಗೆ ಸುಮ್ನೆ ಯಾಕೆ ಚಿಂತೆ ಹಚ್ಚಬೇಕು ಅನ್ನುವ ಮರ್ಯಾದೆ ಅದು. ಹತ್ತು ವರ್ಷಕ್ಕೂ ಜಾಸ್ತಿ ಟೂರ್ ಮ್ಯಾನೇಜರ್ ಕೆಲಸ ಮಾಡಿದ್ದೇನೆ. ಆ ಒಂದು ಮಾತನ್ನು ನಂಬಿ ಕೆಟ್ಟಷ್ಟು ಬೇರೆ ಯಾವುದರಲ್ಲೂ ಕೆಟ್ಟಿಲ್ಲ.

ನಮ್ಮದು ಸಣ್ಣ ಆಫೀಸು. ಮೊದಲೆಲ್ಲ ಕಾಶಿ, ಶಿರಡಿ, ಪಂಢರಪುರ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಡೆಯುವ ಜಗಳ ಬಿಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಡಾರ್ಜಿಲಿಂಗ್, ಗ್ಯಾಂಗ್ಟಾಕ್ ಸೇರಿತು. ಅದರ ಬೆನ್ನಿಗೇ ‘ಕಾರಲ್ಲಿ ಕೂತು ನೋಡೋದೇನ್ರೀ, ನಡೆಸ್ರೀ’ ಅನ್ನುವವರು ಬಂದರು. ಹಾಗೆ ಸಂದಕ್‌ಫು ಟ್ರೆಕ್ ಶುರುವಾಯಿತು.

ಸಂದಕ್‌ಫು ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ. 3,636 ಮೀಟರ್. ಡಾರ್ಜಿಲಿಂಗ್ ಜಿಲ್ಲೆಯ ಅಂಚಿನಲ್ಲಿ, ನೇಪಾಳದ ಗಡಿಯ ಮೇಲೇ ಹಾದುಹೋಗುವ ಸಿಂಗಲೀಲಾ ಬೆಟ್ಟಸಾಲಿನಲ್ಲಿದೆ. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಅಲ್ಲಿಂದ ಕಾಣುತ್ತವೆ: ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು. ಮಾನೆಭಂಜನ್ ಅನ್ನುವ ಊರಿಂದ ನಡಿಗೆ ಶುರು. ಮೊದಲ ರಾತ್ರಿ ತುಮ್ಲಿಂಗ್, ಎರಡನೇ ರಾತ್ರಿ ಕಾಲಿಪೋಖ್ರಿ, ಮೂರನೇ ರಾತ್ರಿ ಸಂದಕ್‌ಫು. ಎಲ್ಲರೂ ಹೀಗೇ ಹೋಗುತ್ತಾರೆ. ನಾನು ಜಾಣ ಅಲ್ವಾ, ಒಂದು ರಾತ್ರಿ ಕತ್ತರಿಸಿದೆ.

ಕತ್ತರಿಸಲು ಕಾರಣ ನಾಥುಲಾ. ಟ್ರೆಕ್ ಮುಗಿಸಿ ಸಿಕ್ಕಿಂಗೆ ಹೋಗಿ ಚೀನಾ ಗಡಿ ನೋಡಬೇಕು ಅನ್ನುವುದು ಗುಂಪಿನವರ ಆಸೆ. ಅದು ಸೋಮವಾರ, ಮಂಗಳವಾರ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಭಾನುವಾರ ತಪ್ಪಿದರೆ ಬುಧವಾರದ ತನಕ ಇಲ್ಲ. ನಮ್ಮ ವಾಪಸ್ ರೈಲು ಮಂಗಳವಾರ. ಆಫೀಸಿನಲ್ಲಿ ಕೂತು ನಕ್ಷೆ ನೋಡಿದೆ. ತುಮ್ಲಿಂಗ್‌ನಿಂದ ಕಾಲಿಪೋಖ್ರಿಗೆ 13 ಕಿಲೋಮೀಟರ್, ಅಲ್ಲಿಂದ ಸಂದಕ್‌ಫುಗೆ 6. ಒಟ್ಟು 19. ಹರಿಹರಕ್ಕೆ ಹೋಗಿ ಬಂದಷ್ಟೂ ಆಗುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಸಂಜೆ ಆರಕ್ಕೆ ಸಂದಕ್‌ಫು ಅಂತ ಟೈಪ್ ಮಾಡಿ, ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಬೇರೆ ಮಾಡಿಸಿದೆ.

ಗುಂಪಿನಲ್ಲಿ 14 ಜನ. ಎಂಟು ಜನ ದಾವಣಗೆರೆಯವರು, ಆರು ಜನ ಚಿತ್ರದುರ್ಗದವರು. ದುರ್ಗದವರಲ್ಲಿ ಒಬ್ಬರು ರಿಟೈರಾದ ಪಿಟಿ ಮೇಷ್ಟ್ರು. ದಿನಾ ಬೆಳಿಗ್ಗೆ ಏಳುಸುತ್ತಿನ ಕೋಟೆ ಹತ್ತಿ ಏಕನಾಥೇಶ್ವರಿ ಗುಡಿಗೆ ಕೈ ಮುಗಿದು ಇಳಿಯುವ ಮನುಷ್ಯ. ಹೋಗುವ ಮುಂಚೆ ನಾಲ್ಕು ಭಾನುವಾರ ಎಲ್ಲರನ್ನೂ ಕೋಟೆ, ಜೋಗಿಮಟ್ಟಿ ಅಂತ ನಡೆಸಿದ್ದೆ. ಪ್ರತಿ ಸಲವೂ ಮೇಷ್ಟ್ರು ಮೇಲೆ ಹೋಗಿ ಬಂಡೆ ಮೇಲೆ ಕೂತು ನಮಗೆ ಕಾಯುತ್ತಿದ್ದರು. ದಾವಣಗೆರೆಯ ಒಬ್ಬ ಹೋಲ್‌ಸೇಲ್ ಬಟ್ಟೆ ವ್ಯಾಪಾರಿ ಅರ್ಧ ದಾರಿಗೇ ಏದುಸಿರು ಬಿಡುತ್ತಿದ್ದರು. ನನ್ನ ಚಿಂತೆಯೆಲ್ಲ ಅವರ ಮೇಲೇ ಇತ್ತು. ಮೇಷ್ಟ್ರ ಬಗ್ಗೆ ಒಂದು ಕ್ಷಣವೂ ಯೋಚಿಸಲಿಲ್ಲ.

ತುಮ್ಲಿಂಗ್‌ನಲ್ಲಿ ಮೊದಲ ಸಂಜೆ. ಊರು 3,000 ಮೀಟರ್‌ಗೆ ಸ್ವಲ್ಪ ಕಡಿಮೆ. ದಾವಣಗೆರೆಯಿಂದ ಒಯ್ದ ಖಾರ ಮಂಡಕ್ಕಿ ಪ್ಯಾಕೆಟ್‌ಗಳನ್ನು ಚೀಲದಿಂದ ತೆಗೆದರೆ ಒಂದೊಂದೂ ಬಲೂನಿನ ಹಾಗೆ ಉಬ್ಬಿ ಕೂತಿವೆ. ಎಲ್ಲರೂ ನಕ್ಕು ಫೋಟೋ ಹೊಡೆದರು. ನಮ್ಮ ಗೈಡ್ ಆ ಕಡೆಯವನೇ, ನೇಪಾಳಿ ಮಾತಾಡುವ ಹುಡುಗ. ಅವನೂ ನಕ್ಕ. ಹೊರಗಿನ ಗಾಳಿ ತೆಳುವಾದರೆ ಒಳಗಿನ ಗಾಳಿ ಉಬ್ಬುತ್ತದೆ. ಸಂದಕ್‌ಫು ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ ನಮ್ಮೂರಿನ ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಕಣ್ಣೆದುರೇ ಪ್ಯಾಕೆಟ್ ಹೇಳುತ್ತಿತ್ತು. ನಾವು ಅದನ್ನು ಒಡೆದು ತಿಂದೆವು.

ರಾತ್ರಿ ಊಟ ಆದ ಮೇಲೆ ಗೈಡ್ ನನ್ನನ್ನು ಪಕ್ಕಕ್ಕೆ ಕರೆದ. ‘ದಾಜು’ ಅಂದ. ಅವರ ಭಾಷೆಯಲ್ಲಿ ಅಣ್ಣ ಅಂತ. ‘ಆ ಮಾಸ್ಟರ್‌ಜಿ ಅನ್ನ ಹಾಗೇ ಬಿಟ್ಟರು.’ ನಾನು ಹೋಗಿ ವಿಚಾರಿಸಿದೆ.

‘ಮೇಷ್ಟ್ರೇ, ಆರಾಮಾ?’

‘ಆರಾಮ್ ಕಣಪ್ಪ. ಯಾಕೆ?’

ಬಂದು ಗೈಡ್‌ಗೆ ವರದಿ ಒಪ್ಪಿಸಿದೆ, ಅವರು ಆರಾಮಂತೆ.

ಮರುದಿನ ಮಧ್ಯಾಹ್ನ ಕಾಲಿಪೋಖ್ರಿ. ಕಪ್ಪು ಕೊಳ ಅಂತ ಅರ್ಥ. ನಿಜವಾಗಿಯೂ ನೀರು ಕಪ್ಪಗೆ ಕಾಣುತ್ತದೆ, ಸುತ್ತ ಬಣ್ಣದ ಪ್ರಾರ್ಥನಾ ಬಾವುಟಗಳು. ಬಿಸಿ ಬಿಸಿ ತುಕ್ಪಾ ಕೊಟ್ಟರು, ನೂಡಲ್ಸ್ ಹಾಕಿದ ಸೂಪು. ಬಟ್ಟೆ ವ್ಯಾಪಾರಿ ಎರಡು ಬಟ್ಟಲು ಸುರಿದುಕೊಂಡರು. ಮೇಷ್ಟ್ರು ಚಮಚ ಆಡಿಸುತ್ತ ಕೂತಿದ್ದರು. ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ‘ತಿನ್ರೋ, ತಿನ್ರೋ’ ಅಂತ ಹುಡುಗರಿಗೆ ಹಂಚಿಬಿಟ್ಟರು. ಎಷ್ಟು ಒಳ್ಳೆ ಮನಸ್ಸು ಅಂದುಕೊಂಡೆ ನಾನು. ಗೈಡ್ ಮಾತ್ರ ‘ಇವತ್ತು ಇಲ್ಲೇ ಉಳಿಯೋಣ’ ಅಂದ. ನಾನು ಲ್ಯಾಮಿನೇಷನ್ ಮಾಡಿಸಿದ ಹಾಳೆ ತೋರಿಸಿದೆ. ಅವನು ಅದನ್ನು ಓದಲೂ ಇಲ್ಲ. ‘ಬಾಸ್ ನೀವು’ ಅಂದು ಬ್ಯಾಗ್ ಹೆಗಲಿಗೇರಿಸಿದ.

ಹಾಳೆಯಲ್ಲಿ ಇನ್ನೊಂದು ತಪ್ಪೂ ಇತ್ತು. ‘ಸಂಜೆ ಆರಕ್ಕೆ’ ಅಂತ ಬರೆದದ್ದು ದಾವಣಗೆರೆಯ ಆರು ಗಂಟೆ. ಡಾರ್ಜಿಲಿಂಗ್ ನಮಗಿಂತ ಎಷ್ಟು ಪೂರ್ವಕ್ಕಿದೆ ಅಂದರೆ, ಸೂರ್ಯನ ಲೆಕ್ಕದಲ್ಲಿ ಸುಮಾರು 50 ನಿಮಿಷ ಮುಂದೆ. ಗಡಿಯಾರ ಮಾತ್ರ ಒಂದೇ. ಅದು ನವೆಂಬರ್ ತಿಂಗಳು. ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿದ. ಕೊನೆಯ ಕಡಿದಾದ ಏರನ್ನು ಟಾರ್ಚ್ ಬೆಳಕಿನಲ್ಲಿ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ ಹತ್ತಿದೆವು. ಯಾವಾಗಲೂ ಮುಂದೆ ಇರುತ್ತಿದ್ದ ಮೇಷ್ಟ್ರು ಕೊನೆಗೆ ಬಂದರು. ‘ಫೋಟೋ ತೆಗೀತಿದ್ದೆ’ ಅಂದರು. ಕತ್ತಲಲ್ಲಿ ಏನು ಫೋಟೋ ಅಂತ ನನಗೆ ಹೊಳೆಯಲೇ ಇಲ್ಲ.

ರಾತ್ರಿ ಹತ್ತಕ್ಕೆ ಅವರ ರೂಮಿನವರು ಬಾಗಿಲು ಬಡಿದರು. ಎರಡು ಸಲ ವಾಂತಿ. ತಲೆ ಒಡೆಯುವಷ್ಟು ನೋವು. ನಾನು ಏನು ಕೇಳಿದೆ ಗೊತ್ತಾ? ಮತ್ತೆ ಅದೇ. ‘ಮೇಷ್ಟ್ರೇ, ಆರಾಮಾ?’ ಅವರೂ ಅದೇ ಅಂದರು. ಗ್ಯಾಸ್ಟ್ರಿಕ್ ಇರಬೇಕು ಅಂತಲೂ ಸೇರಿಸಿದರು.

ಗೈಡ್ ಏನೂ ಕೇಳಲಿಲ್ಲ. ಅವರನ್ನು ಎಬ್ಬಿಸಿ, ನೆಲದ ಹಲಗೆಯ ಗೆರೆ ತೋರಿಸಿ, ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗಿಸುತ್ತ ಗೆರೆ ಮೇಲೆ ನಡೆಯಲು ಹೇಳಿದ. ಮಕ್ಕಳಿಗೆ ಮೂವತ್ತು ವರ್ಷ ಡ್ರಿಲ್ ಕಲಿಸಿದ ಮನುಷ್ಯ ಮೂರನೇ ಹೆಜ್ಜೆಗೆ ವಾಲಿ ಗೋಡೆ ಹಿಡಿದರು. ‘ಈಗಲೇ ಇಳಿಸಬೇಕು. ಬೆಳಗಿನ ತನಕ ಕಾಯುವಂತಿಲ್ಲ’ ಅಂದ. ಈ ಸಲ ನನ್ನನ್ನು ಬಾಸ್ ಅನ್ನಲಿಲ್ಲ.

ಎತ್ತರದ ಕಾಯಿಲೆ ಬರೀ ತಲೆನೋವು, ವಾಕರಿಕೆ ಇರುವ ತನಕ ಅಲ್ಲೇ ನಿಂತು ಸುಧಾರಿಸಿಕೊಳ್ಳಬಹುದು. ನಡಿಗೆ ವಾಲಿತು ಅಂದರೆ ಮಿದುಳಿನಲ್ಲಿ ಬಾವು ಶುರುವಾಗಿರಬಹುದು ಅಂತ ಅರ್ಥ. ಪ್ರಾಣಕ್ಕೇ ಕುತ್ತು. ಇದಕ್ಕೆ ಮೊದಲ ಔಷಧ ಕೆಳಗೆ ಇಳಿಯುವುದು. ಇದೆಲ್ಲ ನನಗೆ ಆಮೇಲೆ ಡಾಕ್ಟರ್ ಹೇಳಿದ್ದು. ಆ ರಾತ್ರಿ ಗೊತ್ತಿದ್ದದ್ದು ಗೈಡ್ ಮುಖ ಒಂದೇ.

ಆ ದಾರಿಯಲ್ಲಿ 1950ರ ದಶಕದ ಲ್ಯಾಂಡ್ ರೋವರ್ ಜೀಪುಗಳು ಇನ್ನೂ ಓಡುತ್ತಿದ್ದವು. ಅಂಥದ್ದೊಂದರ ಡ್ರೈವರ್‌ನನ್ನು ಎಬ್ಬಿಸಿದೆವು. ಮಂಜಿನಲ್ಲಿ ಹತ್ತು ಅಡಿ ಮುಂದೆ ಕಾಣುತ್ತಿರಲಿಲ್ಲ. ಮೇಷ್ಟ್ರ ತಲೆ ನನ್ನ ಹೆಗಲ ಮೇಲೆ. ಪ್ರತಿ ತಿರುವಿಗೂ ನಾನು ದೇವರ ಹೆಸರು ಹೇಳುತ್ತಿದ್ದೆ. ನಡುವೆ ಒಂದು ಸಲ ಅವರು ಕಣ್ಣು ಬಿಟ್ಟು, ‘ನೀನ್ಯಾಕೆ ಹೆದರ್ತಿ, ಆರಾಮ್ ಇದೀನಿ’ ಅಂದು ಮತ್ತೆ ವಾಂತಿ ಮಾಡಿದರು. ಸಾವಿರ ಮೀಟರ್‌ನಷ್ಟು ಕೆಳಗಿರುವ ಗೈರಿಬಾಸ್ ಮುಟ್ಟಿದೆವು. ಬೆಳಗಿನ ಜಾವಕ್ಕೆ ತಲೆನೋವು ಅರ್ಧ ಇಳಿಯಿತು. ಆರು ಗಂಟೆಗೆ ‘ಟೀ ಸಿಗುತ್ತಾ?’ ಅಂತ ಕೇಳಿದರು. ಅಷ್ಟು ಖುಷಿಯ ಮಾತನ್ನು ಈ ಕೆಲಸದಲ್ಲಿ ನಾನು ಇನ್ನೊಂದು ಕೇಳಿಲ್ಲ. ಆಮೇಲೆ ಡಾರ್ಜಿಲಿಂಗ್‌ನಲ್ಲಿ ಆಸ್ಪತ್ರೆಗೆ ತೋರಿಸಿದೆವು.

ಮೇಲೆ ಉಳಿದವರಿಗೆ ಅವತ್ತು ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಕುಂಭಕರ್ಣ ಶಿಖರ ತಲೆ, ಕಾಂಚನಜುಂಗಾ ಹೊಟ್ಟೆ. ಬುದ್ಧ ಮಲಗಿದ ಹಾಗೆ ಕಾಣುವ ಆ ಸಾಲನ್ನು ಎಲ್ಲರೂ ನೋಡಿದರು. ಏದುಸಿರು ಬಿಡುತ್ತಿದ್ದ ಬಟ್ಟೆ ವ್ಯಾಪಾರಿ ಎಲ್ಲರಿಗಿಂತ ಮೊದಲು ಎದ್ದು ನಿಂತಿದ್ದರಂತೆ. ಅವರಿಗೆ ಏನೂ ಆಗಿರಲಿಲ್ಲ. ನಿಧಾನ ನಡೆದರು, ಹೊಟ್ಟೆ ತುಂಬ ತಿಂದರು, ಮಲಗಿದರು. ದೇಹದ ಕಸುವಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ. ಕಸುವು ಇರುವವರು ಜೋರಾಗಿ ಹತ್ತುತ್ತಾರೆ. ಆದ್ದರಿಂದ ಅವರಿಗೇ ಎಷ್ಟೋ ಸಲ ಬೇಗ ಹಿಡಿಯುತ್ತದೆ. ನಾಲ್ಕು ಭಾನುವಾರದ ಕೋಟೆ ಹತ್ತಾಟ ಮಂಡಿಗೆ ಒಳ್ಳೆಯದಾಯಿತು, ಅಷ್ಟೇ.

ನಾಥುಲಾ ತಪ್ಪಿತು. ಒಂದು ಕುಟುಂಬದವರು ದುಡ್ಡು ವಾಪಸ್ ಕೇಳಿದರು, ಕೊಟ್ಟೆವು. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಹೊರಡುವ ದಿನ ಗೈಡ್ ಹತ್ತಿರ ಕೇಳಿದೆ, ನಿನಗೆ ತುಮ್ಲಿಂಗ್‌ನಲ್ಲೇ ಹೇಗೆ ಗೊತ್ತಾಯಿತು ಅಂತ. ‘ಬಂಗಾಳಿಗಳೂ ಠೀಕ್ ಹೂಂ ಅಂತಾರೆ, ಗುಜರಾತಿಗಳೂ ಠೀಕ್ ಹೂಂ ಅಂತಾರೆ. ಅದಕ್ಕೆ ಕೇಳೋದನ್ನೇ ಬಿಟ್ಟೆ ದಾಜು’ ಅಂದ. ಅವನು ತಟ್ಟೆ ನೋಡುತ್ತಾನೆ. ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದವರು ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ನೋಡುತ್ತಾನೆ. ನಿನ್ನೆ ತನಕ ಜೋಕ್ ಹೇಳುತ್ತಿದ್ದವರು ಇವತ್ತು ಸುಮ್ಮನಿದ್ದರೆ ಅವರ ಪಕ್ಕದಲ್ಲೇ ನಡೆಯುತ್ತಾನೆ. ಹಿಂದೆ ಉಳಿದು ಜಾಸ್ತಿ ಫೋಟೋ ತೆಗೆಯುವವರ ಫೋನನ್ನು ಇಸಿದುಕೊಂಡು ‘ನೋಡೋಣ ಕೊಡಿ’ ಅನ್ನುತ್ತಾನೆ. ಎಷ್ಟೋ ಸಲ ಅದರಲ್ಲಿ ಫೋಟೋನೇ ಇರುವುದಿಲ್ಲವಂತೆ.

ಅವತ್ತಿಂದ ನಾನು ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುತ್ತೇನೆ. ತಟ್ಟೆ ತೊಳೆಯುವ ಜಾಗದ ಹತ್ತಿರ ನಿಂತು ಯಾರ ತಟ್ಟೆಯಲ್ಲಿ ಏನು ಉಳಿದಿದೆ ಅಂತ ನೋಡುತ್ತೇನೆ. ಕೆಲವರಿಗೆ ಇದು ಜಿಪುಣತನದ ಹಾಗೆ ಕಾಣುತ್ತದೆ. ‘ಏನ್ರೀ, ಅನ್ನ ದಂಡ ಆಯ್ತು ಅಂತ ಲೆಕ್ಕ ಹಾಕ್ತೀರಾ?’ ಅಂತ ಒಬ್ಬ ಅಕ್ಕ ಬೈದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಒಯ್ಯುತ್ತೇನೆ. ಆದರೆ ಚಳಿಗೆ ಬೆರಳು ಮರಗಟ್ಟಿದ್ದರೆ ಅದು ಬಾಯಿಗೆ ಬಂದ ನಂಬರ್ ತೋರಿಸುತ್ತದೆ. ತಟ್ಟೆಯೇ ವಾಸಿ.

ಪ್ಲಾನ್ ಕೂಡ ಬದಲಾಯಿತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಬೆಟ್ಟ ಬಲ್ಲವರ ಲೆಕ್ಕ. ನಾನು ಅವತ್ತು ಏರಿಸಿದ್ದು ಸುಮಾರು 700. ಈಗ ಕಾಲಿಪೋಖ್ರಿ ರಾತ್ರಿಯನ್ನು ಯಾರು ಏನೇ ಅಂದರೂ ಬಿಡುವುದಿಲ್ಲ. ಅದಕ್ಕೂ ಮುಂಚೆ ಡಾರ್ಜಿಲಿಂಗ್‌ನಲ್ಲಿ ಎರಡು ರಾತ್ರಿ. ಇಲ್ಲೊಂದು ವ್ಯಾಪಾರದ ಗುಟ್ಟಿದೆ. ‘ವಿಶ್ರಾಂತಿ ದಿನ’ ಅಂತ ಬರೆದರೆ ನಮ್ಮ ಜನ ದುಡ್ಡು ಕೊಡುವುದಿಲ್ಲ. ಮಲಗಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅಂತಾರೆ. ಅದನ್ನೇ ‘ಟಾಯ್ ಟ್ರೈನ್ ದಿನ’ ಅಂತ ಬರೆಯುತ್ತೇನೆ. 1881ರಿಂದ ಓಡುತ್ತಿರುವ ಪುಟ್ಟ ರೈಲು, 2,258 ಮೀಟರ್ ಎತ್ತರದ ಘೂಮ್ ಸ್ಟೇಷನ್ನು, ತೇನ್‌ಸಿಂಗ್, ಹಿಲರಿ ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ, ಶುರುವಾದ ಪರ್ವತಾರೋಹಣ ಸಂಸ್ಥೆ, ಅಲ್ಲಿ ತೇನ್‌ಸಿಂಗ್ ನೆನಪಿನ ಸಾಮಾನುಗಳು. ಜನ ಖುಷಿಯಾಗಿ ತಿರುಗುತ್ತಾರೆ. ಮೈ ತನ್ನ ಪಾಡಿಗೆ ಎತ್ತರಕ್ಕೆ ಒಗ್ಗುತ್ತಿರುತ್ತದೆ.

ಉತ್ತರ ಸಿಕ್ಕಿಂನ ಗುರುಡೊಂಗ್ಮರ್ ಸರೋವರ ಕೇಳುವವರಿಗೆ ಮಾತ್ರ ಖಡಾಖಂಡಿತ ಇಲ್ಲ ಅಂತೀನಿ. 5,000 ಮೀಟರ್ ದಾಟಿದ ಜಾಗ, ಕಾರಿನಲ್ಲಿ ಒಂದೇ ಬೆಳಿಗ್ಗೆ ಏರುತ್ತಾರೆ, ಅದೂ ಕೂಸುಗಳನ್ನು ಎತ್ತಿಕೊಂಡು. 2023ರ ಅಕ್ಟೋಬರ್‌ನಲ್ಲಿ ತೀಸ್ತಾ ಪ್ರವಾಹ ಉತ್ತರ ಸಿಕ್ಕಿಂನ ರಸ್ತೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋದ ಮೇಲೆ ಆ ಕಡೆಯ ಪ್ಯಾಕೇಜನ್ನೇ ತೆಗೆದೆವು. ಗಿರಾಕಿ ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಮೇಷ್ಟ್ರು ಎರಡು ವರ್ಷ ಬಿಟ್ಟು ಮತ್ತೆ ಬಂದರು, ಡಾಕ್ಟರ್ ಕೇಳಿಕೊಂಡೇ. ಕಾಲಿಪೋಖ್ರಿಯಲ್ಲಿ ನಾನು ಏನೂ ಕೇಳಿರಲಿಲ್ಲ. ಅವರೇ ಬಂದು ‘ತಲೆ ಒಂಚೂರು ಭಾರ ಐತಪ್ಪ’ ಅಂದರು. ಗುಂಪಿಗೆಲ್ಲ ಹೇಳಿ ಅಲ್ಲೇ ಇನ್ನೊಂದು ದಿನ ಉಳಿದೆವು. ಯಾರೂ ಗೊಣಗಲಿಲ್ಲ. ಮರುದಿನ ಸಂದಕ್‌ಫುನಲ್ಲಿ ಮೋಡ ಮುಚ್ಚಿಕೊಂಡಿತ್ತು. ಮಲಗಿದ ಬುದ್ಧ ಅವರಿಗೆ ಆ ಸಲವೂ ಸಿಗಲಿಲ್ಲ.

ಈಗ ಹೊಸ ಗುಂಪು ಹೊರಡುವ ಮುಂಚೆ ಕೋಟೆ ಬಾಗಿಲ ಹತ್ತಿರ ಸೇರಿಸಿದಾಗ ಅವರೇ ಬಂದು ನಿಲ್ಲುತ್ತಾರೆ, ಕೊರಳಲ್ಲಿ ಹಳೇ ವಿಷಲ್. ಮೊದಲ ಪ್ರಶ್ನೆ, ‘ಈ ಕೋಟೆನ ನಿಲ್ಲದೆ ಹತ್ತೋರು ಯಾರ್ಯಾರಿದೀರಿ?’ ನಾಲ್ಕೈದು ಕೈ ಜೋರಾಗಿ ಏಳುತ್ತವೆ. ಮೇಷ್ಟ್ರು ನನ್ನ ಕಡೆ ತಿರುಗಿ, ‘ಇವರ ಹೆಸರು ಬರ್ಕೊಳಪ್ಪ, ಇವರ ತಟ್ಟೆ ಮೊದಲು ನೋಡು’ ಅಂತಾರೆ.